ಚೆನ್ನಾಗಿ ತಿಂದಿದೆ, ಲವಲವಿಕೆಯಿಂದಿದೆ

ಹೊಸ ಮೃಗಾಲಯ ಮೊದಲು ಬಂದು ಕುಳಿತದ್ದು ಸಾಹೇಬರ ಕೋಣೆಯ ಮೇಜಿನ ಮೇಲೆ. ಮಂಚದಷ್ಟು ಅಗಲದ ಹಲಗೆ, ಅದರ ಮೇಲೆ ಗಾಜಿನ ಮುಚ್ಚಳ, ಒಳಗೆ ಸ್ಪಂಜಿನ ಮರಗಳು, ಕಾಗದದ ದಾರಿಗಳು, ಹೆಬ್ಬೆರಳ ಉಗುರಿನಷ್ಟು ಎತ್ತರದ ಜನ. ಪ್ರಾಣಿಗಳನ್ನು ಮಾತ್ರ ಆಟಿಕೆ ಅಂಗಡಿಯಿಂದ ತಂದು ಅಂಟಿಸಿದ್ದರು. ಅಳತೆಯ ಗೊಡವೆ ಯಾರಿಗೂ ಇದ್ದಂತಿರಲಿಲ್ಲ. ಒಂದೊಂದು ಪೆಂಗ್ವಿನ್ನೂ ಅಲ್ಲಿನ ಜನರ ಎರಡು ಪಟ್ಟು ಎತ್ತರವಿತ್ತು, ಜಿರಾಫೆ ಅದರ ಹೆಗಲಿಗೆ ಬರುತ್ತಿತ್ತು.

ಪಾಲಕರನ್ನೆಲ್ಲ ಐದೈದು ಜನರಂತೆ ಒಳಗೆ ಕರೆದು ತೋರಿಸಿದರು. ಗುಂಪಿನ ಫೋಟೋ ಕೈಗೆ ಸಿಕ್ಕಾಗ ಎಲ್ಲರೂ ಮೊದಲು ತಮ್ಮ ಮುಖ ಹುಡುಕುವ ಹಾಗೆ, ಒಬ್ಬೊಬ್ಬನೂ ತನ್ನ ತನ್ನ ಪ್ರಾಣಿಯನ್ನು ಹುಡುಕಿದ. ಒಂಟೆ ನೋಡಿಕೊಳ್ಳುವವನು ತನ್ನ ಕೊಟ್ಟಿಗೆಯನ್ನು ಕಂಡು, "ಅಗೋ, ನಮ್ಮ ಮುದುಕ ಅಲ್ಲೇ ಇದಾನೆ" ಎಂದು ಹಲ್ಲು ಕಿರಿದ. ಕರಡಿಯ ಪಾಲಕ, ಎಲ್ಲರ ಬಾಯಲ್ಲಿ ಕರಡಿಯಣ್ಣ, ದೊಡ್ಡ ಗೇಟಿನಿಂದ ಗಾಜಿನ ಮೇಲೆ ಬೆರಳು ಎಳೆಯುತ್ತಾ ಹೊರಟ. ಟಿಕೆಟ್ ಕಿಟಕಿ, ಒಂಟೆ ಕೊಟ್ಟಿಗೆ, ಕುಡಿಯುವ ನೀರಿನ ನಲ್ಲಿ, ಅದರ ಪಕ್ಕದಲ್ಲಿ ಅವನ ಕರಡಿಯ ಅಂಗಳ ಇರಬೇಕಿತ್ತು. ಇದ್ದದ್ದು ಒಂದು ನೀಲಿ ಗಾಜಿನ ಚೂರು, ಅದರ ಮೇಲೆ ಹತ್ತಿಯ ಹಿಮ, ಗುಂಡುಸೂಜಿಗೆ ಸಿಕ್ಕಿಸಿದ ಬಾವುಟದಲ್ಲಿ 'ಹಿಮಲೋಕ' ಎಂಬ ಬರಹ.

"ಸಾರ್, ಕರಡಿ ಎಲ್ಲಿ?"

"ಕರಡಿ ಬೇರೆ ಮೃಗಾಲಯಕ್ಕೆ ಹೋಗುತ್ತಪ್ಪಾ" ಎಂದರು ಸಾಹೇಬರು. "ಲಾರಿಯಲ್ಲಿ ಎರಡು ದಿನದ ದಾರಿ. ಅಲ್ಲಿಯವರು ಗಟ್ಟಿಮುಟ್ಟಾದ ಕರಡಿ ಬೇಕು ಅಂತ ಕೇಳಿದ್ರು. ನಿನ್ನ ದಿನವಹಿ ಪುಸ್ತಕ ತರಿಸಿ ನೋಡಿದೆ. ಇಡೀ ಮೃಗಾಲಯದಲ್ಲಿ ಅಷ್ಟು ಆರೋಗ್ಯವಾಗಿರೋ ಪ್ರಾಣಿ ಇನ್ನೊಂದಿಲ್ಲ ಕಣಯ್ಯಾ. ನಿನ್ನನ್ನ ಮೆಚ್ಚಬೇಕು."

ಹೀಗೆಂದು ಎಲ್ಲರ ಎದುರಿಗೆ ಅವನ ಬೆನ್ನು ತಟ್ಟಿದರು. ಆ ಕರಡಿಗೆ ಎರಡೂ ಕಣ್ಣು ಹೋಗಿ ಆರು ವರ್ಷವಾಗಿತ್ತು. ಅದು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಒಬ್ಬ ಅವನು, ಇನ್ನೊಬ್ಬಳು ಅವನ ಹೆಂಡತಿ.

ಕರಡಿಗೆ ಕಡತದಲ್ಲಿ ಒಂದು ನಂಬರು ಇತ್ತು, ಅಂಗಳದ ಮುಂದಿನ ಫಲಕದಲ್ಲಿ ಅಳಿಸಿಹೋದ ಒಂದು ಹೆಸರೂ ಇತ್ತು. ಅವನು ಕೆಲಸಕ್ಕೆ ಸೇರಿದಾಗ ಹಳೆಯ ಪಾಲಕ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದ. ಇವನೂ ಹಾಗೇ ಕರೆದ. ಮದುವೆಯಾದ ಹೊಸದರಲ್ಲಿ ಹೆಂಡತಿ ಬಂದು ನೋಡಿ, "ಅತ್ತೆ ಕಾಟ ಇಲ್ಲದ ಮನೆ ಅಂತ ನನ್ನ ಇಲ್ಲಿಗೆ ಕೊಟ್ರು. ಇಲ್ಲಿ ನೋಡಿದ್ರೆ ಮೈತುಂಬಾ ಕೂದಲಿರೋ ದೊಡ್ಡತ್ತೆ ಕೂತಿದಾರೆ!" ಎಂದಿದ್ದಳು. ಅವಳು ಈಗ ಅದೇ ಮೃಗಾಲಯದ ಟಿಕೆಟ್ ಕಿಟಕಿಯಲ್ಲಿ ಕೂರುತ್ತಾಳೆ. ದೊಡ್ಡಮ್ಮನ ವಿಷಯದಲ್ಲಿ ಅವಳ ತಮಾಷೆ ನಿಂತಿಲ್ಲ, ಅಕ್ಕರೆಯೂ ನಿಂತಿಲ್ಲ. ಮನೆಯಲ್ಲಿ ಬ್ರೆಡ್ಡಿನ ತುದಿ ಉಳಿದರೆ ಅದು ಯಾರ ಪಾಲು ಎಂದು ಯಾರೂ ಕೇಳುವುದಿಲ್ಲ.

ಕಣ್ಣು ಹೋದದ್ದು ಗೊತ್ತಾದ ದಿನ ಅವನಿಗೆ ಚೆನ್ನಾಗಿ ನೆನಪಿದೆ. ನೀರಿನ ತೊಟ್ಟಿ ತೊಳೆದು ಮರಳಿ ಇಡುವಾಗ ಒಂದು ಮೊಳ ಬಲಕ್ಕೆ ಸರಿಸಿ ಇಟ್ಟಿದ್ದ. ದೊಡ್ಡಮ್ಮ ಎಂದಿನಂತೆ ಬಂದಳು, ಎಂದಿನ ಜಾಗದಲ್ಲಿ ನಿಂತಳು, ಬಗ್ಗಿ ನಾಲಿಗೆ ಚಾಚಿ ಬರಿಯ ಗಾಳಿಯನ್ನು ನೆಕ್ಕಿದಳು. ಮತ್ತೆ ನೆಕ್ಕಿದಳು. ಆಮೇಲೆ ತಲೆ ಎತ್ತಿ, ನೀರು ಯಾರು ಕದ್ದರು ಎಂದು ಕೇಳುವವಳ ಹಾಗೆ ಅವನಿದ್ದ ಕಡೆಗೆ ಮುಖ ಮಾಡಿದಳು. ಕಣ್ಣುಗಳು ಸ್ವಚ್ಛವಾಗಿಯೇ ಇದ್ದವು. ಪೊರೆಯಿಲ್ಲ, ಕೆಂಪಿಲ್ಲ. ನೋಟ ಮಾತ್ರ ಇರಲಿಲ್ಲ.

ಅವತ್ತೇ ಡಾಕ್ಟರಿಗೆ ಹೇಳಬೇಕಿತ್ತು. ಹೇಳದೇ ಇದ್ದದ್ದಕ್ಕೆ ಕಾರಣ ಹಿಂದಿನ ಮನೆ. ಮೇವಿನ ಕೊಠಡಿಯ ಹಿಂದೆ ತಗಡಿನ ಮಾಡಿನ ಕೆಳಗೆ ನಾಲ್ಕು ಪಂಜರಗಳಿದ್ದವು. ಕುಂಟಿದ್ದು, ಕುರುಡಾದದ್ದು, ಬೋಳಾದದ್ದು, ಒಟ್ಟಿನಲ್ಲಿ ಜನ ನೋಡಿ ಮುಖ ಸಿಂಡರಿಸುವಂಥದ್ದೆಲ್ಲ ಅಲ್ಲಿಗೆ ಹೋಗಬೇಕೆಂಬುದು ಆಗಿನ ಸಾಹೇಬರ ಆಜ್ಞೆ. ಕಾಲು ಸೊಟ್ಟಗಾದ ತೋಳವೊಂದನ್ನು ಅಲ್ಲಿಗೆ ಹಾಕಿದ್ದರು. ಅದು ಸಾಯುವ ಹೊತ್ತಿಗೆ ಸಿಮೆಂಟಿನ ನೆಲದಲ್ಲಿ ಅದರ ಸುತ್ತಾಟದ ಗೆರೆ ಬಿದ್ದಿತ್ತು. ಆ ಗೆರೆಯನ್ನು ತೊಳೆದವನು ಕರಡಿಯಣ್ಣನೇ.

ಹಾಗಾಗಿ ಅವತ್ತು ತೊಟ್ಟಿಯನ್ನು ಒಂದು ಮೊಳ ಎಡಕ್ಕೆ ಎಳೆದಿಟ್ಟ. ಸಂಜೆ ದಿನವಹಿ ತೆಗೆದು, ಕರಡಿಯ ಸಾಲಿನಲ್ಲಿ ಬರೆದ: 'ಚೆನ್ನಾಗಿ ತಿಂದಿದೆ. ಲವಲವಿಕೆಯಿಂದಿದೆ.'

ಮರುದಿನವೂ ಅದನ್ನೇ ಬರೆದ. ಆರು ವರ್ಷ, ರಜೆಯ ದಿನಗಳನ್ನೂ ಬಿಡದೆ ಬಂದು, ಅದನ್ನೇ ಬರೆದ.

ಬರೆದದ್ದನ್ನು ನಿಜ ಮಾಡಲು ಅವನು ಪಟ್ಟ ಪಾಡು ಸಾಮಾನ್ಯದ್ದಲ್ಲ. ಅಂಗಳದಲ್ಲಿ ಒಂದು ಕಲ್ಲೂ ಅಲುಗದಂತೆ ನೋಡಿಕೊಂಡ. ಒಳಕೋಣೆಯ ಬಾಗಿಲಿನಿಂದ ತೊಟ್ಟಿಗೆ ಹನ್ನೊಂದು ಹೆಜ್ಜೆ, ಅಲ್ಲಿಂದ ಎಡಕ್ಕೆ ತಿರುಗಿದರೆ ಮರದ ದಿಮ್ಮಿಗೆ ಏಳು. ಗುಡಿಸುವವರು ದಿಮ್ಮಿಯನ್ನು ಜರುಗಿಸಿದರೆ ಜಗಳವಾಡಿ ಸರಿ ಮಾಡಿಸುತ್ತಿದ್ದ. 'ಮಾವನ ಮನೆಯಿಂದ ತಂದ ದಿಮ್ಮಿ ಇರಬೇಕು' ಎಂದು ಅವರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಬೀಗದ ಕೈಗೊಂಚಲನ್ನೇ ಮಾತು ಮಾಡಿಕೊಂಡ. ಮೂರು ಸಲ ಅಲ್ಲಾಡಿಸಿದರೆ ಬಾ, ಒಂದು ಸಲವಾದರೆ ನಿಲ್ಲು. ಜನ ಸೇರಿದಾಗ ಕಟಕಟೆಯ ಪಕ್ಕ ಸುಮ್ಮನೆ ನಿಂತವನಂತೆ ನಿಂತು ಗೊಂಚಲನ್ನು ಅಲ್ಲಾಡಿಸುತ್ತಿದ್ದ. ದೊಡ್ಡಮ್ಮ ನೇರವಾಗಿ ಅತ್ತ ಬಂದು, ಎದ್ದು ನಿಂತು, ಮುಂಗಾಲು ಎತ್ತುತ್ತಿದ್ದಳು. ಮಕ್ಕಳು ಚಪ್ಪಾಳೆ ಹೊಡೆಯುತ್ತಿದ್ದರು. ಜನರ ಕಣ್ಣಿಗೆ ಮಣ್ಣೆರಚುವುದರಲ್ಲಿ ಕೊನೆಕೊನೆಗೆ ಇಬ್ಬರದ್ದೂ ಎತ್ತಿದ ಕೈ ಆಗಿತ್ತು.

ಒಂಟೆಯವನದ್ದು ಬೇರೆಯೇ ಕ್ರಮ. ಹಗುರ ಕೆಲಸ ಸಿಗಲಿ ಎಂದು ಅವನು ಒಂಟೆಯ ಸಾಲಿನಲ್ಲಿ ರೋಗದ ಪಟ್ಟಿಯನ್ನೇ ಬರೆಯುತ್ತಿದ್ದ. ಮಂಡಿ ನೋವು, ಹಲ್ಲು ಸಡಿಲ, ಮಂಕಾಗಿದೆ, ಗೋಡೆ ನೋಡುತ್ತಾ ನಿಲ್ಲುತ್ತದೆ. ಗೋಡೆ ನೋಡುತ್ತಾ ನಿಲ್ಲುತ್ತಿದ್ದವನು ಅವನೇ ಎಂದು ಎಲ್ಲರೂ ನಗುತ್ತಿದ್ದರು. ಅಷ್ಟರಲ್ಲಿ ಸಾಹೇಬರು ಬದಲಾದರು, ನಿಯಮವೂ ಬದಲಾಯಿತು. ಹಿಂದಿನ ಮನೆಯನ್ನು ಒಡೆದುಹಾಕಿದರು. ದುರ್ಬಲ ಪ್ರಾಣಿಗಳನ್ನು ಸಾಗಿಸುವಂತಿಲ್ಲ, ಇದ್ದಲ್ಲೇ ಕೊನೆಯವರೆಗೆ ನೋಡಿಕೊಳ್ಳಬೇಕು, ಕಟ್ಟಡ ಬೇಕಾದರೆ ಪಕ್ಕಕ್ಕೆ ಸರಿಯಲಿ ಎಂದಾಯಿತು. ಅದಕ್ಕೇ ಆ ಗಾಜಿನ ಮುಚ್ಚಳದೊಳಗೆ ಒಂಟೆಗೆ ಜಾಗವಿತ್ತು. ಹೊಸ ನಿಯಮ ಬಂದಾಗ ಕರಡಿಯಣ್ಣ ಕಿವಿಯ ಮೇಲೆ ಹಾಕಿಕೊಂಡಿದ್ದನೇ ಹೊರತು ತನ್ನ ಸಾಲನ್ನು ಬದಲಾಯಿಸಿರಲಿಲ್ಲ. ನಿನ್ನೆಯವರೆಗೆ ಲವಲವಿಕೆಯಿಂದಿದ್ದವಳು ಇವತ್ತು ಕುರುಡಿ ಎಂದು ಬರೆಯುವುದು ಹೇಗೆ? ಬರೆಯಲು ಕೈ ಬಂದಿರಲಿಲ್ಲ.

ಸಾಹೇಬರು ಬೆನ್ನು ತಟ್ಟಿದ ದಿನ ಸಂಜೆ ಮನೆಗೆ ಬಂದು ಎಲ್ಲ ಹೇಳಿದ. ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದಳು. ಚಾಕು ಕೆಳಗಿಟ್ಟಳು.

"ಹೋಗಿ ನಿಜ ಹೇಳಿಬಿಡಿ."

"ಸುಳ್ಳು ಬರೆದೆ ಅಂತ ಕೆಲಸದಿಂದ ತೆಗೀತಾರೆ."

"ತೆಗೆದ್ರೆ ತೆಗೀಲಿ. ನನ್ನ ಕಿಟಕಿ ಇದೆಯಲ್ಲ, ಗಂಜಿಗೇನೂ ತೊಂದರೆ ಆಗಲ್ಲ. ರೀ, ಆ ಮುದುಕಿ ಅಲ್ಲಿ ಹೋಗಿ ಹನ್ನೊಂದು ಹೆಜ್ಜೆ ಎಣಿಸ್ತಾಳೆ, ಅಲ್ಲಿ ತೊಟ್ಟಿ ಇರುತ್ತಾ?"

ನಿಜ ಹೇಳುವುದೇ ಸರಿ ಎಂದು ಅವನಿಗೂ ಅನಿಸಿತು. ಆದರೆ ಬರೀ ಹೇಳಿದರೆ ಯಾರು ನಂಬುತ್ತಾರೆ, ಕಣ್ಣಾರೆ ತೋರಿಸಬೇಕು ಎಂದುಕೊಂಡ. ಪ್ರಯಾಣಕ್ಕೆ ಮುಂಚೆ ಡಾಕ್ಟರಮ್ಮ ಬಂದು ಪ್ರಾಣಿಯನ್ನು ಪರೀಕ್ಷೆ ಮಾಡುವುದು ಪದ್ಧತಿ. ಅದಕ್ಕೆ ಕಾದ.

ಪರೀಕ್ಷೆಯ ದಿನ ಬೆಳಿಗ್ಗೆ ಅಂಗಳದ ಬೀಗ ತೆಗೆದು, ಕೈಗೊಂಚಲನ್ನು ಹೆಂಡತಿಯ ಕೈಚೀಲಕ್ಕೆ ಹಾಕಿದ. ಹೆಜ್ಜೆಯ ಸದ್ದು ಗುರುತಾಗದಿರಲಿ ಎಂದು ಬೂಟು ಬಿಟ್ಟು ರಬ್ಬರಿನ ಚಪ್ಪಲಿ ಹಾಕಿಕೊಂಡ. ಗುಡಿಸುವವರು ಬರುವ ಮೊದಲೇ ಅಂಗಳಕ್ಕೆ ಇಳಿದು, ಆರು ವರ್ಷ ಯಾರನ್ನೂ ಮುಟ್ಟಲು ಬಿಡದ ಆ ದಿಮ್ಮಿಯನ್ನು ತಾನೇ ತಳ್ಳಿ ತೊಟ್ಟಿಯ ದಾರಿಗೆ ಅಡ್ಡ ಹಾಕಿದ. ಬರುವ ದಾರಿಯಲ್ಲಿ ಮೂತಿಗೆ ಸರಿಯಾಗಿ ತಾಗಬೇಕು, ಡಾಕ್ಟರಮ್ಮ ನೋಡಬೇಕು, ಬರೆಯಬೇಕು. ಒಂದು ಏಟು ತಿಂದರೆ ಮನೆ ಉಳಿಯುತ್ತದೆ ಎಂದು ದೊಡ್ಡಮ್ಮನಿಗೆ ಮನಸ್ಸಿನಲ್ಲೇ ಹೇಳಿಕೊಂಡ. ದಿಮ್ಮಿಯಿಂದ ಮುರಿದ ಕೊಂಬೆಯೊಂದು ಮೊನಚಾಗಿ ಚಾಚಿಕೊಂಡಿದ್ದನ್ನು ಅವಸರದಲ್ಲಿ ಅವನು ನೋಡಿರಲಿಲ್ಲ.

ಡಾಕ್ಟರಮ್ಮ ಹೊಸಬಳಲ್ಲ, ಕೆಟ್ಟವಳೂ ಅಲ್ಲ. ಮುನ್ನೂರು ಪ್ರಾಣಿಗಳಿಗೆ ಒಬ್ಬಳೇ. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಅರ್ಧ ತಿಂದ ಬನ್ನು ಹಿಡಿದುಕೊಂಡೇ ಬಂದಳು. ಕರಡಿಯಣ್ಣ ಅವಳ ಹಿಂದೆ ತನ್ನ ವಾಸನೆ ಸಿಗದಂತೆ ಗಾಳಿಗೆ ಮರೆಯಾಗಿ ನಿಂತು ಬಾಯಿಗೆ ಬೀಗ ಹಾಕಿಕೊಂಡ. ಒಳಗಿನಿಂದ ಯಾರೋ ಜಾರುಬಾಗಿಲು ಎತ್ತಿದರು.

ದೊಡ್ಡಮ್ಮ ಹೊರಗೆ ಬಂದಳು. ನಿಧಾನವಾಗಿ, ತನ್ನ ಮನೆಯಲ್ಲಿ ತಾನು ನಡೆಯುವವಳ ಗತ್ತಿನಲ್ಲಿ ಬಂದಳು. ಒಂದು, ಎರಡು, ಮೂರು. ಅವನು ಎಣಿಸುತ್ತಿದ್ದ. ಆರನೇ ಹೆಜ್ಜೆಗೆ ಆ ಮೊನಚು ಕೊಂಬೆ ಅವನ ಕಣ್ಣಿಗೆ ಬಿತ್ತು. ಅದು ನೇರವಾಗಿ ಅವಳ ಮುಖದ ಎತ್ತರಕ್ಕಿತ್ತು. ಏಳು. ಎಂಟು.

"ದೊಡ್ಡಮ್ಮಾ, ನಿಲ್ಲು!"

ಕೂಗಿದವನು ಅವನೇ. ನಾಲಿಗೆ ಕಚ್ಚಿಕೊಂಡ, ಆದರೆ ಮಾತು ಹೊರಟುಹೋಗಿತ್ತು. ದೊಡ್ಡಮ್ಮ ಗೇಣು ದೂರದಲ್ಲಿ ನಿಂತಳು. ಗಾಳಿ ಮೂಸಿದಳು, ದಿಮ್ಮಿಯ ವಾಸನೆ ಹಿಡಿದು ಅದನ್ನು ನಾಜೂಕಾಗಿ ಬಳಸಿ, ಕೂಗು ಬಂದ ಕಡೆಗೆ ನೇರವಾಗಿ ನಡೆದು ಬಂದಳು. ಅವನ ಎದುರಿಗೆ ಎದ್ದು ನಿಂತು, ಬ್ರೆಡ್ಡಿಗೆ ಬಾಯಿ ತೆರೆದು, ಮುಂಗಾಲು ಎತ್ತಿದಳು.

ಡಾಕ್ಟರಮ್ಮ ನಕ್ಕುಬಿಟ್ಟಳು. "ಅಬ್ಬಾ, ನನ್ನ ಹಿಂದೆ ನಿಂತಿದ್ರೂ ನಿಮ್ಮನ್ನೇ ಹುಡುಕಿಕೊಂಡು ಬಂತಲ್ರೀ! ಈ ವಯಸ್ಸಿಗೆ ಎಂಥ ಚುರುಕು!" ಎನ್ನುತ್ತಾ ಟಾರ್ಚು ಒತ್ತಿದಳು. ಗುಂಡಿಯ ಟಿಕ್ ಸದ್ದಿಗೆ ದೊಡ್ಡಮ್ಮ ಅತ್ತ ಮುಖ ತಿರುಗಿಸಿದಳು. "ಬೆಳಕಿಗೂ ತಿರುಗುತ್ತೆ" ಎಂದು ಡಾಕ್ಟರಮ್ಮ ಬರೆದುಕೊಂಡಳು.

ಅವಳು ಹೊರಡುವ ಮೊದಲು ಅವನು ಮೇವಿನ ಕೊಠಡಿಯ ಬಾಗಿಲಲ್ಲಿ ಅಡ್ಡ ನಿಂತು ಎಲ್ಲವನ್ನೂ ಹೇಳಿದ. ತೊಟ್ಟಿ, ಹನ್ನೊಂದು ಹೆಜ್ಜೆ, ಕೈಗೊಂಚಲು, ತೋಳ, ದಿಮ್ಮಿ, ಯಾವುದನ್ನೂ ಬಿಡಲಿಲ್ಲ. ಹೇಳುತ್ತಾ ಅತ್ತ. ಐವತ್ತು ದಾಟಿದ ಗಂಡಸು ಗೆಣಸಿನ ಮೂಟೆಗಳ ನಡುವೆ ನಿಂತು ಅಳುವುದನ್ನು ನೋಡಲಾರದೆ ಡಾಕ್ಟರಮ್ಮ ಬನ್ನನ್ನು ಕಾಗದದಲ್ಲಿ ಸುತ್ತಿಟ್ಟಳು.

"ನಾನು ನಿಮ್ಮನ್ನ ನಂಬ್ತೀನಿ" ಎಂದಳು. "ಆದ್ರೆ ನಂಬೋದು ಬೇರೆ, ಸಹಿ ಹಾಕೋದು ಬೇರೆ. ಕಣ್ಣಿನ ಹಿಂಭಾಗ ನೋಡಬೇಕು ಅಂದ್ರೆ ಅರವಳಿಕೆ ಕೊಡಬೇಕು. ಇಪ್ಪತ್ತೊಂಬತ್ತು ವರ್ಷದ ಕರಡಿ, ಮಲಗಿದ್ದು ಏಳದೇ ಹೋದ್ರೆ?"

"ನನ್ನ ಮಾತಿನ ಮೇಲೆ ಬರೆಯೋಕಾಗಲ್ವಾ ಅಮ್ಮಾ? ನನ್ನನ್ನ ಕೆಲಸದಿಂದ ತೆಗೀಲಿ, ಪರವಾಗಿಲ್ಲ."

"ಅಲ್ಲೇ ಇರೋದು ತೊಂದರೆ. ನಿಮ್ಮ ಮಾತು ಒಂದು, ನಿಮ್ಮದೇ ಕೈಬರಹ ಎರಡು ಸಾವಿರ ದಿನ. ಸಾಹೇಬರು ಯಾವುದನ್ನ ಹಿಡೀತಾರೆ? ಹಿಮಲೋಕದ ಗುದ್ದಲಿ ಪೂಜೆಗೆ ದಿನ ಇಟ್ಟಾಗಿದೆ. ಕರಡಿಯನ್ನ ಉಳಿಸ್ಕೊಳ್ಳೋಕೆ ಪಾಲಕ ಕಥೆ ಕಟ್ತಿದಾನೆ ಅಂತಾರೆ. ವಿಚಾರಣೆ ಮುಗಿಯೋವರೆಗೂ ನಿಮ್ಮನ್ನ ಗೇಟಿನ ಒಳಗೇ ಬಿಡಲ್ಲ. ಲಾರಿ ಮಾತ್ರ ಬಂದೇ ಬರುತ್ತೆ. ನೀವಿಲ್ಲದೆ ಅದು ಪೆಟ್ಟಿಗೆಯೊಳಗೆ ಹೋಗುತ್ತಾ?"

ಅವನು ತಲೆ ಅಲ್ಲಾಡಿಸಿದ. ಹೋಗುವುದಿಲ್ಲ.

"ಹೋಗಲ್ಲ ಅಂದ್ರೆ ನಾನೇ ಅರವಳಿಕೆ ಸೂಜಿ ಹೊಡೀಬೇಕು. ಆಮೇಲೆ ಅದು ಎದ್ರೆ ಎದ್ದಿತು." ಡಾಕ್ಟರಮ್ಮ ಚೀಲ ಹೆಗಲಿಗೇರಿಸಿದಳು. "ನೀವು ಬಾಯಿ ಬಿಟ್ರೆ ಸೂಜಿ, ಬಿಡದೇ ಇದ್ರೆ ಪ್ರಯಾಣ. ನನ್ನ ಕೈಯಲ್ಲೇನಿದೆ ಹೇಳಿ?"

ಆದರೂ ಅವನು ಸಾಹೇಬರ ಕೋಣೆಯ ತನಕ ಹೋದ. ಮೇಜಿನ ಮೇಲಿನ ಗಾಜಿನ ಮುಚ್ಚಳದ ಮೇಲೆ ಯಾರದೋ ಕಾಫಿ ಲೋಟದ ಉಂಗುರ ಬಿದ್ದಿತ್ತು, ಸರಿಯಾಗಿ ಹಿಮಲೋಕದ ನೆತ್ತಿಗೆ. "ಸಾರ್, ಈ ಕರಡಿಗೆ ವಯಸ್ಸಾಯ್ತು" ಎಂದು ಸುತ್ತಿ ಬಳಸಿ ಶುರು ಮಾಡಿದ. ಸಾಹೇಬರು ಕೂರಲು ಹೇಳಿದರು, ನೀರು ಕೊಟ್ಟರು.

"ನಿನ್ನ ಸಂಕಟ ನನಗೆ ಅರ್ಥ ಆಗುತ್ತಪ್ಪಾ. ಆದ್ರೆ ಮೇಲಿನವರು ಪತ್ರ ಬರೆದಾಗಿದೆ, ಅಲ್ಲಿಯವರು ಒಪ್ಪಿಕೊಂಡಾಗಿದೆ. ಈಗ ಕಾಗದದಲ್ಲಿ ಒಂದು, ಪ್ರಾಣಿ ಇನ್ನೊಂದು ಅಂತಾದ್ರೆ ಅವರು ಹಿಂದಕ್ಕೆ ಕಳಿಸ್ತಾರೆ. ಹಿಂದಕ್ಕೆ ಬಂದ್ರೆ ಎಲ್ಲಿಡ್ತೀಯ? ಅಷ್ಟು ಹೊತ್ತಿಗೆ ಇಲ್ಲಿ ಅಂಗಳ ಇರಲ್ಲ. ನನ್ನ ಕೈಯಲ್ಲೇನಿದೆ?"

ಎಲ್ಲರ ಕೈಯೂ ಖಾಲಿ. ಹಾಗಾದರೆ ಇದನ್ನೆಲ್ಲ ನಡೆಸುತ್ತಿದ್ದ ಕೈ ಯಾವುದು ಎಂದು ಕರಡಿಯಣ್ಣ ಮೆಟ್ಟಿಲಿಳಿಯುತ್ತಾ ಯೋಚಿಸಿದ. ತೋರು ಬೆರಳಿನಲ್ಲಿ ದಿನವಹಿಯ ಪೆನ್ನಿನ ಶಾಯಿ ಅಂಟಿದ್ದ ತನ್ನ ಕೈಯೇ ಕಂಡಿತು.

ಪೆಟ್ಟಿಗೆ ಬಂತು. ಕಬ್ಬಿಣದ ಚೌಕಟ್ಟು, ದಪ್ಪ ಹಲಗೆ, ಒಂದು ತುದಿಗೆ ಮೇಲಿಂದ ಇಳಿಯುವ ಬಾಗಿಲು. ಅದನ್ನು ಒಳಕೋಣೆಯ ಬಾಯಿಗೆ ತಾಗಿಸಿ ನಿಲ್ಲಿಸಿದರು. ಪ್ರಾಣಿಯನ್ನು ಬಲವಂತದಿಂದ ತುಂಬುವ ಕಾಲ ಹೋಯಿತು, ಈಗ ರೂಢಿ ಮಾಡಿಸುವುದು ಪದ್ಧತಿ. ನಲವತ್ತು ದಿನ. ಮೊದಲ ವಾರ ಪೆಟ್ಟಿಗೆಯ ಬಾಯಲ್ಲಿ ಊಟ, ಎರಡನೇ ವಾರ ನಡುವೆ, ಮೂರನೇ ವಾರ ಕೊನೆಯಲ್ಲಿ. ಆಮೇಲೆ ಅವಳು ಒಳಗಿರುವಾಗ ಬಾಗಿಲನ್ನು ಒಂದು ನಿಮಿಷ ಇಳಿಸಿ ಎತ್ತುವುದು. ಮುಂದೆ ಐದು ನಿಮಿಷ, ಅರ್ಧ ಗಂಟೆ.

ಕರಡಿಯಣ್ಣ ಇದನ್ನು ಎಷ್ಟು ಚೆನ್ನಾಗಿ ಮಾಡಿದನೆಂದರೆ ಡಾಕ್ಟರಮ್ಮ ಬೇರೆ ಪಾಲಕರನ್ನು ಕರೆತಂದು ತೋರಿಸಿದಳು. ಚೆನ್ನಾಗಿ ಮಾಡದೆ ವಿಧಿಯಿರಲಿಲ್ಲ. ರೂಢಿಯಾಗದಿದ್ದರೆ ಸೂಜಿ. ದೊಡ್ಡಮ್ಮ ಪೆಟ್ಟಿಗೆಗೆ ಆರು ಹೆಜ್ಜೆ ಎಂದು ಎರಡೇ ದಿನದಲ್ಲಿ ಕಲಿತಳು. ಮೊದಲ ಸಲ ಬಾಗಿಲು ಇಳಿದಾಗ ಹೆದರಿ ಹಲಗೆ ಕೆರೆದಳು. ಅವನು ಸಂದಿಯಿಂದ ಜೇನು ಸವರಿದ ಮರದ ಸೌಟು ತೂರಿಸಿ, "ಇಲ್ಲೇ ಇದೀನಿ, ಇಲ್ಲೇ ಇದೀನಿ" ಎಂದ. ಬಾಗಿಲು ಎದ್ದಿತು. ಹತ್ತು ಸಲವಾದ ಮೇಲೆ ಹೆದರುವುದನ್ನು ಬಿಟ್ಟಳು. ಇಳಿದ ಬಾಗಿಲು ಏಳುತ್ತದೆ ಎಂಬುದು ಅವಳಿಗೆ ತೊಟ್ಟಿಯಷ್ಟೇ ಖಾತ್ರಿಯಾಯಿತು. ಬಾಗಿಲು ಇಳಿದರೆ ಕುಂಡೆಯೂರಿ ಕೂತು, ಮುಂಗಾಲು ನೆಕ್ಕುತ್ತಾ, ಆರಾಮವಾಗಿ ಕಾಯುತ್ತಿದ್ದಳು.

ಅವಳ ಆ ನೆಮ್ಮದಿಯನ್ನು ನೋಡಿ ಅವನಿಗೆ ಊಟ ಸೇರದಾಯಿತು. ಹೆಂಡತಿ ಬೈಯಲಿಲ್ಲ. "ಕಿಟಕಿಯಲ್ಲಿ ಎಲ್ಲರೂ ಒಂದೇ ಪ್ರಶ್ನೆ ಕೇಳ್ತಾರೆ, ಪೆಂಗ್ವಿನ್ ಯಾವಾಗ ಬರುತ್ತೆ ಅಂತ" ಎಂದಳು ಒಂದು ದಿನ. "ಒಂದು ಹುಡುಗಿ ಮಾತ್ರ, ಕರಡಿ ಎಲ್ಲಿಗೆ ಹೋಗುತ್ತೆ ಅಂತ ಕೇಳಿದ್ಲು. ನಾನು ಏನೋ ಹೇಳಿದೆ. ಏನು ಹೇಳಿದೆ ಅಂತ ನೆನಪೇ ಇಲ್ಲ."

ಹೊರಡುವ ಹಿಂದಿನ ದಿನ ಇಬ್ಬರೂ ಕೂತು ಒಂದು ಚೀಟಿ ಬರೆದರು. ಅವಳ ಅಕ್ಷರ ಚೆಂದ, ಹಾಗಾಗಿ ಬರೆದದ್ದು ಅವಳು. ಕಣ್ಣು ಕಾಣುವುದಿಲ್ಲ. ತೊಟ್ಟಿಯನ್ನು ಹನ್ನೊಂದು ಹೆಜ್ಜೆಗೆ ಇಡಿ. ಒಮ್ಮೆ ಇಟ್ಟದ್ದನ್ನು ಸರಿಸಬೇಡಿ. ಬೀಗದ ಕೈ ಮೂರು ಸಲ ಅಲ್ಲಾಡಿಸಿದರೆ ಬರುತ್ತಾಳೆ. ಗೆಣಸಿನ ಸಿಪ್ಪೆ ತಿನ್ನುವುದಿಲ್ಲ. ಚೀಟಿಯನ್ನು ಮಡಚಿ ಅವನ ಅಂಗಿಯ ಜೇಬಿಗೆ ಹಾಕಿ, ಮೇಲೊಮ್ಮೆ ತಟ್ಟಿದಳು.

ಕೈಗೊಂಚಲನ್ನೂ ಜೊತೆಗೆ ಕಳಿಸೋಣವೆಂದು ಉಗ್ರಾಣದವನನ್ನು ಕೇಳಿದ. ಅದರಲ್ಲಿದ್ದ ಒಂಬತ್ತು ಕೈಗಳಲ್ಲಿ ಐದಕ್ಕೆ ಬೀಗವೇ ಇರಲಿಲ್ಲ, ಉಳಿದ ನಾಲ್ಕರ ಬಾಗಿಲುಗಳು ನಾಳೆ ಉರುಳಲಿದ್ದವು.

"ಇಲ್ಲದ ಬಾಗಿಲಿನ ಕೈ ಇಟ್ಕೊಂಡು ಏನ್ ಮಾಡ್ತೀರಾ ಅಣ್ಣಾ?" ಎಂದ ಕರಡಿಯಣ್ಣ.

"ಏನೂ ಮಾಡಲ್ಲ. ಆದ್ರೆ ಪಟ್ಟಿಯಲ್ಲಿದೆಯಲ್ಲ. ಸಾಮಾನು ಹೊರಗೆ ಬಿಡೋದು ನನ್ನ ಕೈಯಲ್ಲಿಲ್ಲ" ಎಂದು ಉಗ್ರಾಣದವನು ನಿಜವಾಗಿಯೂ ಬೇಜಾರು ಮಾಡಿಕೊಂಡ. ನಾಳೆ ಕೆಲಸ ಮುಗಿದ ಕೂಡಲೇ ತಂದು ಒಪ್ಪಿಸಬೇಕೆಂದೂ ಹೇಳಿದ.

ಬೆಳಿಗ್ಗೆ ಲಾರಿ ಬಂತು. ಕ್ರೇನಿನವನು ಬೀಡಿ ಸೇದುತ್ತಾ ದೂರದಲ್ಲಿ ನಿಂತ. ಕರಡಿಯಣ್ಣ ಗೊಂಚಲನ್ನು ಮೂರು ಸಲ ಅಲ್ಲಾಡಿಸಿದ. ದೊಡ್ಡಮ್ಮ ಆರು ಹೆಜ್ಜೆ ನಡೆದು ಒಳಗೆ ಹೋದಳು, ತಿರುಗಿ ಕೂತಳು, ಸೌಟಿಗೆ ಬಾಯಿ ತೆರೆದಳು. ಬಾಗಿಲು ಇಳಿಸಿದವನು ಅವನೇ. ಬೇರೆಯವರು ಇಳಿಸಿದರೆ ಸದ್ದು ಬೇರೆಯಾಗುತ್ತದೆ, ಅವಳು ಹೆದರುತ್ತಾಳೆ. ಚಿಲಕ ಹಾಕಿ, ಮೊಳೆ ಬಿಗಿದು, ಪೆಟ್ಟಿಗೆಯನ್ನು ಎತ್ತಿ ಲಾರಿಗೆ ಇಟ್ಟರು. ಅಷ್ಟೆಲ್ಲ ಅಲುಗಾಡಿದರೂ ಒಳಗಿನಿಂದ ಒಂದು ಗುರುಗುಟ್ಟುವಿಕೆಯೂ ಬರಲಿಲ್ಲ. ಅವನು ಸಂದಿಯಿಂದ ನೋಡಿದ. ಮುಂಗಾಲು ನೆಕ್ಕುತ್ತಾ ಕೂತಿದ್ದಳು. ಬಾಗಿಲು ಏಳುವುದನ್ನು ಕಾಯುತ್ತಿದ್ದಳು.

ಜೇಬಿನಲ್ಲಿ ಚೀಟಿ ಇತ್ತು. ಲಾರಿಯವನು ಕಾಗದಪತ್ರದ ಫೈಲನ್ನು ಸೀಟಿನ ಮೇಲೆ ಎಸೆದು ಹತ್ತುವಾಗ ಅವನು ಬಾಗಿಲ ತನಕ ಹೋದ. "ಅಲ್ಲಿ ನಿಮ್ಮ ಮೃಗಾಲಯದಲ್ಲಿ, ಮುದಿ ಪ್ರಾಣಿಗಳನ್ನ, ಕಣ್ಣು ಕಾಲು ಇಲ್ಲದವನ್ನ ಎಲ್ಲಿಡ್ತಾರೆ?" ಎಂದು ಕೇಳಿದ.

"ಹಿಂದ್ಗಡೆ ಒಂದು ಶೆಡ್ಡಿದೆ. ಅಲ್ಲಿರ್ತವೆ" ಎಂದ ಲಾರಿಯವನು. "ಯಾಕೆ?"

"ಸುಮ್ಮನೆ ಕೇಳಿದೆ."

ಕೈ ಜೇಬಿನ ಮೇಲೆಯೇ ಉಳಿಯಿತು. ಚೀಟಿ ಕೊಟ್ಟರೆ ಶೆಡ್ಡು, ಕೊಡದಿದ್ದರೆ ಗಾಳಿ ನೆಕ್ಕುವುದು. ಲಾರಿ ಹೊರಟಿತು. ಹಿಂದಿನ ಗೇಟು ಕಿರಿದೆಂದು ಮುಂದಿನ ಗೇಟಿನಿಂದಲೇ ಹೋಯಿತು. ಟಿಕೆಟ್ ಕಿಟಕಿಯಲ್ಲಿ ಅವನ ಹೆಂಡತಿ ಎದ್ದು ನಿಂತದ್ದನ್ನು, ಸಾಲಿನಲ್ಲಿದ್ದವರು ಏನಾಯಿತೆಂದು ತಿರುಗಿ ನೋಡಿದ್ದನ್ನು ಅವನು ದೂರದಿಂದ ಕಂಡ.

ಮಧ್ಯಾಹ್ನ ಗೊಂಚಲನ್ನು ಉಗ್ರಾಣದಲ್ಲಿ ಒಪ್ಪಿಸಿದ. ಸಂಜೆ ಅಂಗಿ ಬಿಚ್ಚುವಾಗ ಹೆಂಡತಿ ಜೇಬಿನಿಂದ ಚೀಟಿಯನ್ನು ತೆಗೆದು ನೋಡಿದಳು. ಅದನ್ನು ಕನ್ನಡಿಯ ಹಿಂದೆ ಸಿಕ್ಕಿಸಿಟ್ಟಳು.

ಅಂಗಳ ಮೂರೇ ದಿನದಲ್ಲಿ ಗುಂಡಿಯಾಯಿತು. ಅವನನ್ನು ಒಂಟೆಯವನ ಜೊತೆಗೆ ಹಾಕಿದರು. ಒಂಟೆಯವನು ಈಚೆಗೆ ಹಲ್ಲು ಕಿರಿಯುತ್ತಿರಲಿಲ್ಲ, "ಕೂತ್ಕೋ ಅಣ್ಣಾ, ನಾನು ಗುಡಿಸ್ತೀನಿ" ಎನ್ನುತ್ತಿದ್ದ. ಆ ಮೈಗಳ್ಳ ಪೊರಕೆ ಹಿಡಿದದ್ದನ್ನು ನೋಡಿ ಕರಡಿಯಣ್ಣನಿಗೆ ಇನ್ನಷ್ಟು ಹಿಂಸೆಯಾಗುತ್ತಿತ್ತು.

ಒಂಬತ್ತನೇ ದಿನ ಕಚೇರಿಯಿಂದ ಕರೆ ಬಂತು, ಫೋನು ಅವನಿಗಂತೆ. ಹಿಡಿದುಕೊಂಡಾಗ ಆಚೆಯಿಂದ ಒಬ್ಬ ಹೆಂಗಸಿನ ದನಿ.

"ಅಣ್ಣಾ, ನಾನು ಇಲ್ಲಿ ಕರಡಿ ನೋಡ್ಕೊಳ್ಳೋಳು. ನಿಮ್ಮ ಕರಡಿ ಬಗ್ಗೆ ಕೇಳಬೇಕಿತ್ತು."

"ಹೇಳಮ್ಮಾ. ಹೇಗಿದಾಳೆ?"

"ಅದೇ ನನಗೂ ಗೊತ್ತಾಗ್ತಿಲ್ಲ. ಬಾಗಿಲು ತೆಗೆದ್ರೆ ಹೊರಗೆ ಬರುತ್ತೆ. ನಾನು ಎಣಿಸಿದೀನಿ ಅಣ್ಣಾ, ದಿನಾ ಹನ್ನೊಂದೇ ಹೆಜ್ಜೆ. ಅಲ್ಲಿ ನಿಂತ್ಕೊಂಡು ಖಾಲಿ ನೆಲ ನೆಕ್ಕುತ್ತೆ. ಆಮೇಲೆ ಎಡಕ್ಕೆ ತಿರುಗಿ ಹೋಗಿ ಗೋಡೆಗೆ ಮೂತಿ ಗುದ್ದಿಕೊಳ್ಳುತ್ತೆ. ಮೂಗಿನ ಮೇಲೆ ಗಾಯ ಆಗಿದೆ. ಮತ್ತೆ ವಾಪಸ್ಸು ಹೋಗಿ ಬಾಗಿಲ ಹತ್ರ ಕೂತುಬಿಡುತ್ತೆ, ಅದನ್ನೇ ನೋಡ್ತಾ. ಕಣ್ಣು ಕಾಣಲ್ವಾ ಅಣ್ಣಾ ಅದಕ್ಕೆ? ನಿಮ್ಮ ಪುಸ್ತಕದಲ್ಲಿ ಅಂಥದ್ದೇನೂ ಇಲ್ಲ."

ಕಚೇರಿಯಲ್ಲಿ ಗುಮಾಸ್ತ ಟೈಪು ಮಾಡುತ್ತಿದ್ದ. ಕಿಟಕಿಯ ಹೊರಗೆ ಗುಂಡಿ ತೋಡುವ ಯಂತ್ರ ಗುಡುಗುತ್ತಿತ್ತು. ಕರಡಿಯಣ್ಣ ಫೋನಿಗೆ ಬಾಯಿ ಹತ್ತಿರ ತಂದು, ಆರು ವರ್ಷದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದ. ತೊಟ್ಟಿ ಎಲ್ಲಿಡಬೇಕು, ಏನನ್ನೂ ಯಾಕೆ ಸರಿಸಬಾರದು, ಸಿಪ್ಪೆ ಯಾಕೆ ಸುಲಿಯಬೇಕು, ಎಲ್ಲ ಹೇಳಿದ.

"ಬೀಗದ ಕೈ ಅಲ್ಲಾಡಿಸಮ್ಮಾ, ಮೂರು ಸಲ. ಬರ್ತಾಳೆ."

"ಇಲ್ಲೇ ಅಂಗಳದ ಪಕ್ಕದಲ್ಲೇ ಇದೀನಿ. ತಡೀರಿ" ಎಂದಳು. ಆಚೆಯಿಂದ ಸಣ್ಣಗೆ ಸದ್ದು ಕೇಳಿತು. ಹೊಸ ಬೀಗದ ಕೈಗಳು, ತೆಳುವಾದ ಸದ್ದು.

"ತಲೆ ಎತ್ತಿತು ಅಣ್ಣಾ. ಎದ್ದೂ ನಿಂತಿತು." ಕೈಗಳ ಸದ್ದು ಮತ್ತೆ ಕೇಳಿತು. "ಇಲ್ಲ, ಕೂತ್ಕೊಂಡುಬಿಟ್ಟಿತು."

ಅವನು ಫೋನಿನ ತಂತಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಉಗ್ರಾಣದ ಮೊಳೆಗೆ ಆ ಗೊಂಚಲು ನೇತು ಹಾಕಿದ್ದನ್ನು ನಿನ್ನೆ ತಾನೇ ನೋಡಿದ್ದ.

"ಸರಿ ಅಣ್ಣಾ, ರೂಢಿ ಮಾಡಿಸ್ತೀನಿ. ಆದ್ರೆ ಸಂಜೆ ನಾನು ಪುಸ್ತಕ ಬರೀಬೇಕು. ಇಷ್ಟು ದಿನ ಬಿಟ್ಟಿದ್ದೆ, ಇವತ್ತು ಡಾಕ್ಟರು ಕೇಳಿದ್ರು. ಕಣ್ಣಿಲ್ಲ ಅಂತ ಬರೆದ್ರೆ ನಾಳೆನೇ ಹಿಂದಿನ ಶೆಡ್ಡಿಗೆ ಹಾಕ್ತಾರೆ. ಅದು ಸಣ್ಣದು ಅಣ್ಣಾ. ತಿರುಗೋಕೂ ಜಾಗ ಇಲ್ಲ." ಅವಳ ದನಿ ಇಳಿಯಿತು. "ನನ್ನ ಕೈಯಲ್ಲೇನಿದೆ ಹೇಳಿ. ಏನಂತ ಬರೀಲಿ?"

ಗುಮಾಸ್ತ ಟೈಪು ನಿಲ್ಲಿಸಿ ಅವನ ಕಡೆ ನೋಡಿದ. ಹೊರಗಿನ ಯಂತ್ರವೂ ಒಂದು ಕ್ಷಣ ನಿಂತಿತು. ಕರಡಿಯಣ್ಣನಿಗೆ ಕನ್ನಡಿಯ ಹಿಂದಿನ ಚೀಟಿ ನೆನಪಾಯಿತು, ಸಿಮೆಂಟಿನ ಮೇಲಿನ ತೋಳದ ಆ ಗೆರೆ ನೆನಪಾಯಿತು.

"ಬರ್ಕೋಮ್ಮಾ" ಎಂದ. "ಚೆನ್ನಾಗಿ ತಿಂದಿದೆ. ಲವಲವಿಕೆಯಿಂದಿದೆ."

ಆಚೆ ಕಡೆ ಪೆನ್ನು ಕಾಗದದ ಮೇಲೆ ಓಡುವ ಸದ್ದು ಅವನಿಗೆ ಕೇಳಿಸಿತು.